ಗಾಳಿಗೆ ಎದುರಾಗಿ ಹರಿಯುವ ಪ್ರವಾಹ

ಹಿಂಗಾರಿನ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ಮೇಲೆ ಗಾಳಿ ಮೆಲ್ಲಗೆ ಉತ್ತರದಿಂದ ಬೀಸುತ್ತದೆ. ಕಡಲಿನ ಮೇಲ್ಪದರದ ನೀರು ಮಾತ್ರ ಕೇರಳದ ಕಡೆಯಿಂದ ಗುಜರಾತಿನತ್ತ, ಆ ಗಾಳಿಗೆ ಎದುರಾಗಿಯೇ ಹರಿಯುತ್ತದೆ. ಈ ಒಗಟನ್ನು ಕ್ರಮಬದ್ಧ ಅಳತೆಯಿಂದ ಬಿಡಿಸಹೊರಟವರು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಸತೀಶ್ ಶೇಟ್ಯೆ ಮತ್ತು ಅವರ ಸಹೋದ್ಯೋಗಿಗಳು. ಅವರ ಪ್ರಬಂಧಗಳ ಪ್ರಭಾವವನ್ನು ಉಲ್ಲೇಖಗಳ ಸಂಖ್ಯೆಯಿಂದ ಅಳೆಯುವುದು ರೂಢಿ. ನನ್ನ ದೃಷ್ಟಿಯಲ್ಲಿ ಆ ಪ್ರಭಾವ ಕಾಣುವುದು ಬೇರೆ ಕಡೆ: ಒಂದು ಊರಿನ ಕಡಲನ್ನು ಅರಿಯಲು ಆ ಊರಿನ ಗಾಳಿಯನ್ನಷ್ಟೇ ನೋಡಿದರೆ ಸಾಲದು ಎಂಬುದು ಈಗ ಈ ಕ್ಷೇತ್ರದ ಮೊದಲ ಪಾಠವಾಗಿದೆ.

ಶೇಟ್ಯೆ ತಂಡಕ್ಕೂ ಹಿಂದಿನ ಸಂಶೋಧನೆ ಮುಖ್ಯವಾಗಿ ತೆರೆದ ಸಾಗರದ್ದು. 1960ರ ದಶಕದ ಮೊದಲಾರ್ಧದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನದ ದತ್ತಾಂಶವನ್ನು ಕ್ಲಾಸ್ ವಿರ್ಟ್ಕಿ 1971ರ ಭೂಪಟ ಸಂಪುಟದಲ್ಲಿ ಒಟ್ಟುಗೂಡಿಸಿದರು. ಆ ಪ್ರಮಾಣದಲ್ಲಿ ಕರಾವಳಿ ಕೇವಲ ಒಂದು ಅಂಚು. 1966ರಲ್ಲಿ ಗೋವಾದ ಸಂಸ್ಥೆ ಹುಟ್ಟಿದ ಮೇಲೂ ಚಿತ್ರ ಬೇಗ ಬದಲಾಗಲಿಲ್ಲ. 1987ರ ಮುಂಗಾರಿನ ಅಳತೆಗಳನ್ನು ಆಧರಿಸಿ ಶೇಟ್ಯೆ ತಂಡ 1990ರಲ್ಲಿ ಪ್ರಕಟಿಸಿದ ಪ್ರಬಂಧ, ದಕ್ಷಿಣಕ್ಕೆ ಹರಿಯುವ ಮೇಲ್ಪ್ರವಾಹವು ಸುಮಾರು 150 ಕಿ.ಮೀ. ಅಗಲ, 75ರಿಂದ 100 ಮೀಟರ್ ಆಳದ್ದೆಂದೂ ಅದರಡಿಯಲ್ಲಿ ಉತ್ತರಾಭಿಮುಖ ಒಳಪ್ರವಾಹವಿದೆಯೆಂದೂ ತೋರಿಸಿತು. ಮರುವರ್ಷದ ಪ್ರಬಂಧ ಹಿಂಗಾರಿನದು. ಚಳಿಗಾಲದ ಪ್ರವಾಹ ದಕ್ಷಿಣದಲ್ಲಿ ಅಗಲವಾಗಿ ತೆಳುವಾಗಿದ್ದು, ಉತ್ತರಕ್ಕೆ ಸಾಗುತ್ತ ಕಿರಿದಾಗಿ ಆಳವಾಗುತ್ತದೆ. ಕರಾವಳಿಗುಂಟ ಇರುವ ಒತ್ತಡದ ವ್ಯತ್ಯಾಸ ಗಾಳಿಯ ಬಲವನ್ನು ಮೀರಿ ಅದನ್ನು ತಳ್ಳುತ್ತದೆ. ಇಷ್ಟು ಸ್ಪಷ್ಟವಾದಾಗ ಮುಂದಿನ ಪ್ರಶ್ನೆ ತಾನಾಗಿಯೇ ಎದ್ದಿತು: ಆ ಒತ್ತಡ ಎಲ್ಲಿಂದ ಬಂತು?

ಉತ್ತರದ ಬಹುಪಾಲು ಬಂದದ್ದು ಗಣಿತದ ಮಾದರಿಯಿಂದ. ಜೂಲಿಯನ್ ಮೆಕ್‌ಕ್ರಿಯರಿ, ಕುಂಡು ಮತ್ತು ಮೊಲಿನಾರಿ 1993ರಲ್ಲಿ ಬಂಗಾಳ ಕೊಲ್ಲಿಯ ಗಾಳಿಗಳೇ ಪಶ್ಚಿಮ ತೀರದ ಪ್ರವಾಹವನ್ನು ಗಣನೀಯವಾಗಿ ರೂಪಿಸುತ್ತವೆ ಎಂದು ತೋರಿಸಿದರು. ಅಲ್ಲಿ ಎದ್ದ, ದಡಕ್ಕೆ ಅಂಟಿಕೊಂಡೇ ಸಾಗುವ ಕೆಲ್ವಿನ್ ಅಲೆಗಳು ದಡವನ್ನು ಬಲಕ್ಕೆ ಇಟ್ಟುಕೊಂಡು ಪೂರ್ವ ಕರಾವಳಿಯುದ್ದಕ್ಕೂ ಇಳಿದು, ಶ್ರೀಲಂಕಾವನ್ನು ಬಳಸಿ, ಪಶ್ಚಿಮ ತೀರ ಏರುತ್ತವೆ. ಹಾಗಾದರೆ ಕೀರ್ತಿ ಮಾದರಿ ಕಟ್ಟಿದವರದಲ್ಲವೇ ಎಂದು ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ಗಾಳಿಗೆ ಎದುರಾದ ಪ್ರವಾಹವನ್ನು ಅಳತೆ ಖಚಿತಪಡಿಸದಿದ್ದರೆ ಮಾದರಿಯ ಫಲಿತಾಂಶ ಬರಿಯ ಸಾಧ್ಯತೆಯಾಗಿ ಉಳಿಯುತ್ತಿತ್ತು. ಮೇಲಾಗಿ, 1997ರಲ್ಲಿ ಡಿ. ಶಂಕರ್ ಮತ್ತು ಶೇಟ್ಯೆ ಇದೇ ವಾದವನ್ನು ಲಕ್ಷದ್ವೀಪದ ಬಳಿ ಋತುವಿಗೊಮ್ಮೆ ಉಬ್ಬಿ ತಗ್ಗುವ ಸಮುದ್ರಮಟ್ಟಕ್ಕೂ ಅನ್ವಯಿಸಿದರು. ಶಂಕರ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬೋಧಿಸಿದ ವಿನಯಚಂದ್ರನ್ ಹಾಗೂ ಉಣ್ಣಿಕೃಷ್ಣನ್ 2002ರಲ್ಲಿ ಬರೆದ ಮಾನ್ಸೂನ್ ಪ್ರವಾಹಗಳ ಸಮಗ್ರ ಪ್ರಬಂಧ ಈ ಎಳೆಗಳನ್ನೆಲ್ಲ ಒಂದೆಡೆ ಹೆಣೆಯಿತು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಒಂದು ವರ್ಷದ ಹಡಗುಯಾನದಿಂದ ಸಾರ್ವಕಾಲಿಕ ಚಿತ್ರ ಬಿಡಿಸಬಹುದೇ? ಮುಂದೆ ಗೋವಾ ಮೊದಲಾದ ಕಡೆ ಕಡಲಿನೊಳಗೆ ಲಂಗರು ಹಾಕಿ ಇಟ್ಟ ಶಬ್ದತರಂಗದ ಮಾಪಕಗಳು, ಪ್ರವಾಹ ಕೆಲವೇ ವಾರಗಳಲ್ಲಿ ದಿಕ್ಕು ಬದಲಿಸುವುದನ್ನೂ ಆ ಏರಿಳಿತ ಋತುಚಕ್ರಕ್ಕೇನೂ ಕಡಿಮೆಯಿಲ್ಲದಿರುವುದನ್ನೂ ದಾಖಲಿಸಿದವು. ಹಳೆಯ ಚಿತ್ರ ಅಪೂರ್ಣವಾಗಿತ್ತೆಂಬುದು ನಿಜ. ಆದರೆ 2009ರಲ್ಲಿ ವಿಯಾಲಾರ್ ಮತ್ತಿತರರು ವಿವರಿಸಿದಂತೆ, ಗೋವಾದ ಬಳಿಯ ಈ ಏರಿಳಿತಗಳ ಮೂಲವೂ ದೂರದ ಸಮಭಾಜಕ ವೃತ್ತದ ಗಾಳಿಗಳಲ್ಲೇ ಇದೆ. ವಿವರ ತಿದ್ದುಪಡಿಯಾಯಿತು, ತರ್ಕ ಗಟ್ಟಿಯಾಯಿತು.

ಉಲ್ಲೇಖಗಳ ಎಣಿಕೆ ಹಿಡಿಯದ ಕೆಲಸವೂ ಇದೆ. ಗೋವಾದ ಮಾಂಡೋವಿ–ಜುವಾರಿ ಅಳಿವೆಗಳಲ್ಲಿ ಭರತದ ಎತ್ತರ ಸುಮಾರು 40 ಕಿ.ಮೀ. ಒಳಗಿನವರೆಗೂ ಕುಗ್ಗುವುದಿಲ್ಲ, ಏಕೆಂದರೆ ಕಿರಿದಾಗುವ ಪಾತ್ರ ಏರಿಸುವುದನ್ನು ತಳದ ಘರ್ಷಣೆ ಸರಿದೂಗಿಸುತ್ತದೆ ಎಂಬ 1995ರ ವಿಶ್ಲೇಷಣೆ ಪ್ರಕಟವಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಇಂಥ ಸ್ಥಳೀಯ ಪ್ರಶ್ನೆಯನ್ನು ಜಗತ್ತು ಕಡಿಮೆ ಉಲ್ಲೇಖಿಸೀತು. ನಮ್ಮ ಅಳಿವೆಗಳಿಗೆ ಅದರ ಬೆಲೆ ಅದರಿಂದ ಕಡಿಮೆಯಾಗದು.

ದೂರದ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯುವ ಚಿಂತನೆಯ ಫಲ ಮೀನುಗಾರಿಕೆಗೂ ಸಲ್ಲುತ್ತದೆ. ಬೂತಾಯಿ ಮೀನಿನ ಇಳುವರಿ, ತಂಪು ತಳನೀರು ಮೇಲೇರಿ ಪೋಷಕಾಂಶ ತರುವುದರೊಂದಿಗೆ ಹೆಣೆದುಕೊಂಡಿದೆ. ಈ ಮೇಲೇರಿಕೆಯ ಕುರುಹಾಗಿ ಕೊಚ್ಚಿಯ ಸಮುದ್ರಮಟ್ಟ ಮುಂಗಾರು ಗಾಳಿ ಬಲಗೊಳ್ಳುವ ಮೊದಲೇ ಇಳಿಯತೊಡಗುವುದನ್ನು ಲಾಂಗ್‌ಹರ್ಸ್ಟ್ ಮತ್ತು ವೂಸ್ಟರ್ 1990ರಲ್ಲೇ ಎತ್ತಿ ತೋರಿಸಿದ್ದರು. ದೂರದಿಂದ ಬರುವ ಕೆಲ್ವಿನ್ ಅಲೆ ಇದಕ್ಕೆ ಕಾರಣವಾಗಬಲ್ಲದು: ಸೆಕೆಂಡಿಗೆ ಎರಡೂವರೆ ಮೀಟರ್ ಸಾಗುವ ಅಲೆ ದಿನಕ್ಕೆ 200 ಕಿ.ಮೀ.ಗೂ ಹೆಚ್ಚು ದೂರ ಕ್ರಮಿಸುತ್ತದೆ. ಹಾಗಾಗಿ ಬಂಗಾಳ ಕೊಲ್ಲಿಯಲ್ಲಿ ಇಂದು ಬೀಸಿದ ಗಾಳಿ ಮಂಗಳೂರು, ಕಾರವಾರದ ಕಡಲಿಗೆ ಎರಡು ಮೂರು ವಾರ ಮುಂಚಿನ ಸೂಚನೆಯಾಗಬಲ್ಲದು. ಅರಬ್ಬೀ ಸಮುದ್ರದ ಗಾಳಿಯನ್ನಷ್ಟೇ ಲೆಕ್ಕಕ್ಕೆ ಹಿಡಿದ ಮುನ್ಸೂಚನೆಗೆ ಆ ಸೂಚನೆ ಸಿಗುವುದಿಲ್ಲ.