ಸಿಗಾರ್ ಟೈಟ್ ಆಗಿದೆಯೇ, ಉಸಿರೇ ಟೈಟ್ ಆಗಿದೆಯೇ? ಕಟರ್, ಹೋಲ್ಡರ್, ಫಿಲ್ಟರ್ ನಂಬಿಕೆಗಳ ಅಸಲಿಯತ್ತು

"ಸಿಗಾರ್ ಹೊಗೆಯನ್ನು ಒಳಗೆ ಎಳೆಯುವುದಿಲ್ಲ, ಹಾಗಾಗಿ ತೊಂದರೆ ಇಲ್ಲ." "ಒಳ್ಳೆಯ ಹೋಲ್ಡರ್ ಹಾಕಿದರೆ ವಿಷ ಅಲ್ಲೇ ನಿಲ್ಲುತ್ತದೆ." "ಬೀಡಿ ಅಂದರೆ ಬರೀ ಎಲೆ, ಕೆಮಿಕಲ್ ಇಲ್ಲ." ಇಂಥ ಮಾತುಗಳನ್ನು ನಾವೆಲ್ಲ ಕೇಳಿರುತ್ತೇವೆ. ಕೆಜಿಎಫ್, ಬಂಗಾರಪೇಟೆ ಕಡೆಯ ಓದುಗರಿಗೆ ಇದು ಬರೀ ಶೋಕಿಯ ವಿಷಯವಲ್ಲ. ಅಲ್ಲಿನ ಎಷ್ಟೋ ಮನೆಗಳ ಹಿರಿಯರ ಎದೆಯಲ್ಲಿ ಗಣಿಯ ದೂಳು ಮೊದಲೇ ಕೂತಿದೆ.

ಚಿಕ್ಕ ಉತ್ತರ: ಸಾಮಾನು ಬದಲಿಸಿದರೆ ಹೊಗೆ ಸಲೀಸಾಗಿ ಬರಬಹುದು, ಅಪಾಯ ಹೋಗುವುದಿಲ್ಲ.

ಎಳೆದರೂ ಹೊಗೆ ಬರುವುದಿಲ್ಲ, ಯಾಕೆ?

ಎಳನೀರಿನ ಸ್ಟ್ರಾ ನೆನಪಿಸಿಕೊಳ್ಳಿ. ಗಂಜಿ ಸಿಕ್ಕಿಕೊಂಡರೆ ಎಷ್ಟು ಎಳೆದರೂ ನೀರು ಬರುವುದಿಲ್ಲ. ಸಿಗಾರ್‌ನಲ್ಲೂ ಹೀಗೆಯೇ. ತಂಬಾಕನ್ನು ತೀರಾ ಬಿಗಿಯಾಗಿ ಸುತ್ತಿರಬಹುದು, ಒಳಗೆ ಒಂದು ಗಂಟು ಇರಬಹುದು, ತೇವ ಹೆಚ್ಚಾಗಿ ಎಲೆ ಉಬ್ಬಿರಬಹುದು, ಇಲ್ಲವೇ ತುದಿಯನ್ನು ಸಾಕಷ್ಟು ಕತ್ತರಿಸಿಲ್ಲದಿರಬಹುದು.

ನಳಿಕೆಯ ಅಗಲ ಅರ್ಧವಾದರೆ, ಅಷ್ಟೇ ಜೋರಾಗಿ ಎಳೆದಾಗ ಹಾದುಹೋಗುವ ಗಾಳಿ ಅರ್ಧಕ್ಕಲ್ಲ, ಸುಮಾರು 16ನೇ ಒಂದು ಪಾಲಿಗೆ ಇಳಿಯುತ್ತದೆ. ಈ ಲೆಕ್ಕ ನೆನಪಿರಲಿ, ಮುಂದೆ ಮತ್ತೆ ಬೇಕಾಗುತ್ತದೆ.

ಯಾವ ಸಾಮಾನು ಏನು ಮಾಡುತ್ತದೆ?

• ಕಟರ್: ಮುಚ್ಚಿದ ತುದಿಯನ್ನು ನೀಟಾಗಿ ಕತ್ತರಿಸುತ್ತದೆ. ಬ್ಲೇಡು ಮೊಂಡಾಗಿದ್ದರೆ ಹೊರಗಿನ ಎಲೆ ಹರಿಯುತ್ತದೆ. ಟೈಟ್ ಅನಿಸಿದಾಗ ಮೊದಲು ಮಾಡುವುದು ಇನ್ನೂ ಸ್ವಲ್ಪ ಕತ್ತರಿಸುವುದನ್ನೇ.
• ಚುಚ್ಚುವ ಕಡ್ಡಿ: ಒಳಗಿನ ಗಂಟಿನಲ್ಲಿ ದಾರಿ ಮಾಡುತ್ತದೆ.
• ತೇವ ಕಾಯುವ ಪೆಟ್ಟಿಗೆ, ಅಂದರೆ ಹ್ಯೂಮಿಡಾರ್: ಸಾಮಾನ್ಯವಾಗಿ ಶೇ 65ರಿಂದ 70ರ ತೇವಾಂಶದಲ್ಲಿ ಇಡುತ್ತಾರೆ. ಅದಕ್ಕಿಂತ ಹೆಚ್ಚಾದರೆ ಎಲೆ ಉಬ್ಬಿ ಬಿಗಿಯಾಗುತ್ತದೆ. ಸ್ವಲ್ಪ ಒಣಗಲು ಬಿಟ್ಟರೆ ಸಡಿಲವಾಗುತ್ತದೆ.
• ಲೈಟರ್: ಗ್ಯಾಸ್ ಲೈಟರ್‌ನಿಂದ ಪೆಟ್ರೋಲ್ ವಾಸನೆ ಬರುವುದಿಲ್ಲ, ಅಷ್ಟೇ.
• ಹೋಲ್ಡರ್, ಫಿಲ್ಟರ್: ಬಾಯಿಗೆ ಬಿಸಿ ತಾಗದು, ಕೆಲವು ಕಣಗಳು ಅಂಟಿಕೊಳ್ಳಬಹುದು. ಆದರೆ ಕಾರ್ಬನ್ ಮೊನಾಕ್ಸೈಡ್‌ನಂಥ ಅನಿಲ ನಿಲ್ಲುವುದಿಲ್ಲ. ನಿಕೋಟಿನ್ ಕಡಿಮೆಯಾದರೆ ಸೇದುವವರು ತಮಗೇ ತಿಳಿಯದಂತೆ ಇನ್ನೂ ಆಳವಾಗಿ ಎಳೆಯುತ್ತಾರೆ.

ಇವುಗಳಲ್ಲಿ ಒಂದೂ ಆರೋಗ್ಯ ಕಾಯುವ ಸಾಧನವಲ್ಲ.

ಹೊಗೆ ಒಳಗೆ ಎಳೆಯದಿದ್ದರೆ ಅಪಾಯವಿಲ್ಲವೇ?

ಇದೆ. ಸಿಗಾರ್ ಹೊಗೆ ಕ್ಷಾರೀಯವಾಗಿರುವುದರಿಂದ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್‌ಗೆ ಹೊಗೆ ಶ್ವಾಸಕೋಶಕ್ಕೆ ಇಳಿಯಲೇಬೇಕೆಂದಿಲ್ಲ. ಒಂದು ದೊಡ್ಡ ಸಿಗಾರ್‌ನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಮೊದಲು ಸಿಗರೇಟು ಸೇದಿ ಅಭ್ಯಾಸವಿದ್ದವರು ಸಿಗಾರ್ ಹೊಗೆಯನ್ನೂ ಒಳಗೆಳೆಯುವುದೇ ಹೆಚ್ಚು.

ಬೀಡಿ 'ನ್ಯಾಚುರಲ್' ಅಲ್ಲವೇ?

ನಮ್ಮ ಊರುಗಳಲ್ಲಿ ಸಿಗಾರ್‌ಗಿಂತ ಬೀಡಿಯೇ ಹೆಚ್ಚು. ಬೀಡಿ ಎಲೆ ಕಾಗದದಷ್ಟು ಸಲೀಸಾಗಿ ಉರಿಯುವುದಿಲ್ಲ, ಅದರ ಮೂಲಕ ಗಾಳಿಯೂ ಹೆಚ್ಚು ನುಗ್ಗುವುದಿಲ್ಲ. ಆರದಿರಲೆಂದು ಪದೇ ಪದೇ, ಜೋರಾಗಿ ದಮ್ಮು ಎಳೆಯಬೇಕು. ಆದ್ದರಿಂದ ತಂಬಾಕು ಕಡಿಮೆಯಿದ್ದರೂ ನಿಕೋಟಿನ್, ಟಾರ್, ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಹೆಚ್ಚಾಗಿಯೇ ಒಳಗೆ ಹೋಗುತ್ತವೆ.

ಕೆಜಿಎಫ್‌ನವರು ಯಾಕೆ ಹೆಚ್ಚು ಎಚ್ಚರವಾಗಿರಬೇಕು?

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿನ ಗಣಿಗಾರಿಕೆಗೆ ಕೈಹಾಕಿತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಚಿನ್ನ ಇದ್ದದ್ದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದು, ಸಿಡಿಸಿ, ಪುಡಿ ಮಾಡಿದಾಗ ಏಳುವ ಸಿಲಿಕಾ ದೂಳು ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ಶ್ವಾಸಕೋಶದ ಆಳಕ್ಕೆ ಹೋಗಿ ಗಾಯ, ಗಂಟು ಮಾಡುತ್ತದೆ. ಇದೇ ಸಿಲಿಕೋಸಿಸ್. ಮೈಸೂರು ಸರ್ಕಾರ 1940ರಲ್ಲೇ ಇದಕ್ಕೆಂದು ನಿಯಮ ತಂದಿತ್ತು.

ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಕಾಯಿಲೆ ಹಾಗೆ ಮುಚ್ಚುವುದಿಲ್ಲ. ದೂಳಿನ ಕೆಲಸ ಬಿಟ್ಟ ಮೇಲೂ ಸಿಲಿಕೋಸಿಸ್ ಬೆಳೆಯುತ್ತಾ ಹೋಗಬಹುದು. 1980ರಲ್ಲಿ 20ನೇ ವಯಸ್ಸಿಗೆ ಸುರಂಗಕ್ಕೆ ಇಳಿದವರಿಗೆ 2025ಕ್ಕೆ 65. ಈಗಿನ ದಮ್ಮು, ಕೆಮ್ಮನ್ನು 'ವಯಸ್ಸಾಯ್ತು' ಎಂದು ತಳ್ಳಿಹಾಕುವುದು ಸುಲಭ. ಕೋಲಾರ ಜಿಲ್ಲೆಯ ಕಲ್ಲು ಕ್ವಾರಿ, ಜಲ್ಲಿ ಕ್ರಷರ್‌ಗಳಲ್ಲಿ ದುಡಿಯುವವರಿಗೂ ಇದೇ ಎಚ್ಚರಿಕೆ.

ಸಿಲಿಕಾ ದೂಳು ಒಂದೇ ಕ್ಷಯ ಮತ್ತು ಶ್ವಾಸಕೋಶ ಕ್ಯಾನ್ಸರ್ ಅಪಾಯ ಹೆಚ್ಚಿಸುತ್ತದೆ. ತಂಬಾಕಿನ ಹೊಗೆಯೂ ಅದನ್ನೇ ಮಾಡುತ್ತದೆ. ಎರಡೂ ಸೇರಿದರೆ ಹೊರೆ ಇಮ್ಮಡಿ. ಇಲ್ಲಿ ಹಿಂದಿನ ಲೆಕ್ಕ ಮತ್ತೆ ಬರುತ್ತದೆ: ಹೊಗೆಯಿಂದ ಉಸಿರಿನ ಸಣ್ಣ ನಾಳಗಳು ಊದಿ ಒಂದಿಷ್ಟೇ ಕಿರಿದಾದರೂ ಗಾಳಿಯ ಓಡಾಟ ಬಹಳ ಕಡಿಮೆಯಾಗುತ್ತದೆ.

ಹಾಗಾದರೆ ಏನು ಮಾಡಬೇಕು?

ಒಂದು ಸಿಗಾರ್ ಮಾತ್ರ ಟೈಟ್ ಅನಿಸಿದರೆ ಅದು ಸುತ್ತಿದ ಕೈಯ ದೋಷ. ಯಾವುದನ್ನು ಎಳೆದರೂ ದಮ್ಮು ಸಾಲದು, ಸಮತಟ್ಟಾದ ರಸ್ತೆಯಲ್ಲೂ ಓರಗೆಯವರ ಜೊತೆ ನಡೆಯಲಾಗುತ್ತಿಲ್ಲ ಎಂದರೆ ಪರೀಕ್ಷೆ ಆಗಬೇಕಾದದ್ದು ಎದೆಗೆ.

• ಕೆಮ್ಮು 2 ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಅದು ಉಚಿತ.
• ಕಫದಲ್ಲಿ ರಕ್ತ, ತೂಕ ಇಳಿಯುವುದು, ವಾಸಿಯಾಗದ ಬಾಯಿಹುಣ್ಣು ಕಂಡರೆ ಕಾಯಬೇಡಿ.
• ಗಣಿಯಲ್ಲಿ ಅಥವಾ ಕ್ರಷರ್‌ನಲ್ಲಿ ಎಷ್ಟು ವರ್ಷ ಕೆಲಸ ಮಾಡಿದಿರಿ ಎಂಬುದನ್ನು ವೈದ್ಯರಿಗೆ ನೀವೇ ಹೇಳಿ. ಎಕ್ಸ್‌ರೇ ಮತ್ತು ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯ ಬಗ್ಗೆ ಕೇಳಿ.
• ಬಿಡಬೇಕೆನಿಸಿದರೆ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ.

ಸಿಲಿಕಾ ಮಾಡಿದ ಗಾಯ ಮಾಯುವುದಿಲ್ಲ. ಆದರೆ 65ರಲ್ಲಿ ತಂಬಾಕು ಬಿಟ್ಟರೂ ಉಳಿದ ಉಸಿರು ಉಳಿಯುತ್ತದೆ. ಫಾರ್ವರ್ಡ್ ಮಾಡುವುದಿದ್ದರೆ ಹೋಲ್ಡರ್ ಜಾಹೀರಾತಿನ ಬದಲು ಈ ಸಹಾಯವಾಣಿ ಸಂಖ್ಯೆಯನ್ನು ಮಾಡಿ, ಮನೆಯಲ್ಲಿ ಗಣಿ ಕೆಲಸ ಮಾಡಿದ ತಾತ ಇದ್ದರೆ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.