ಹನ್ನೆರಡಾಣೆಯ ಅಂಚೆ ಚೀಟಿಯಲ್ಲಿ ಬೀದರಿನ ಮದ್ರಸಾ

1931ರಲ್ಲಿ ಹೈದರಾಬಾದಿನ ನಿಜಾಮ ಸರಕಾರವು ಚಿತ್ರಗಳುಳ್ಳ ಅಂಚೆ ಚೀಟಿಗಳ ಸರಣಿಯೊಂದನ್ನು ಹೊರತಂದಿತು. ಒಂದಾಣೆಯ ಚೀಟಿಯಲ್ಲಿ ಚಾರ್‌ಮಿನಾರ್, ನಾಲ್ಕಾಣೆಯದರಲ್ಲಿ ಉಸ್ಮಾನ್ ಸಾಗರ, ಎಂಟಾಣೆಯದರಲ್ಲಿ ಅಜಂತಾ ಗುಹೆಗಳ ಪ್ರವೇಶದ್ವಾರ. ಬ್ರಿಟಿಷ್ ಇಂಡಿಯಾದ ಚೀಟಿಗಳಲ್ಲಿ ದೊರೆಯ ತಲೆ ಅಚ್ಚಾಗುತ್ತಿದ್ದ ಕಾಲದಲ್ಲಿ ಈ ಸರಣಿಯು ನಾಡಿನ ಕಟ್ಟಡಗಳನ್ನು ಆಯ್ದುಕೊಂಡಿತು. ಅದರ ಹನ್ನೆರಡಾಣೆಯ ಚೀಟಿಯ ಮೇಲಿರುವುದು ನಮ್ಮ ಬೀದರಿನ ಮಹಮೂದ್ ಗವಾನ್ ಮದ್ರಸಾ.

ಈ ಚೀಟಿಗಳು ಸಂಸ್ಥಾನದ ಗಡಿಯೊಳಗೆ ಮಾತ್ರ ನಡೆಯುತ್ತಿದ್ದವು. ಕಲಬುರಗಿಯಿಂದ ಬೀದರಿಗೆ ಬರೆದ ಪತ್ರಕ್ಕೆ ನಿಜಾಮರ ಚೀಟಿ ಸಾಕು. ಅದೇ ಕಲಬುರಗಿಯಿಂದ ಮುಂಬಯಿ ಪ್ರಾಂತ್ಯದಲ್ಲಿದ್ದ ವಿಜಾಪುರಕ್ಕೆ ಬರೆಯಬೇಕಾದರೆ ಬ್ರಿಟಿಷ್ ಇಂಡಿಯಾದ ಚೀಟಿ ಬೇಕಾಗುತ್ತಿತ್ತು. ಕನ್ನಡಿಗರ ನಡುವೆ ಹಾದುಹೋಗಿದ್ದ ಆ ಗಡಿಯನ್ನು ಭೂಪಟಕ್ಕಿಂತ ಹಳೆಯ ಲಕೋಟೆಗಳೇ ಸ್ಪಷ್ಟವಾಗಿ ತೋರಿಸುತ್ತವೆ. ಹನ್ನೆರಡಾಣೆಯೆಂದರೆ ಸಾಮಾನ್ಯ ಪತ್ರಕ್ಕೆ ಅಂಟಿಸುವ ಚೀಟಿಯಲ್ಲ. ಆದುದರಿಂದ ನಮ್ಮ ಹಿರಿಯರಲ್ಲಿ ಹೆಚ್ಚಿನವರು ಚಾರ್‌ಮಿನಾರನ್ನು ಅಂಟಿಸಿರಬಹುದೇ ಹೊರತು, ತಮ್ಮದೇ ಊರಿನ ಮದ್ರಸಾವನ್ನು ಅಂಟಿಸಿರುವ ಸಂಭವ ಕಡಿಮೆ.

ಆದರೆ ಅಂಚೆ ಚೀಟಿಗೆ ಈ ಕಟ್ಟಡಕ್ಕಿಂತ ಒಪ್ಪುವ ಚಿತ್ರ ಬೇರೊಂದಿಲ್ಲವೆಂದು ನಮಗೆ ಅನಿಸುತ್ತದೆ. ಅದನ್ನು 1472ರಲ್ಲಿ ಕಟ್ಟಿಸಿದವರು ಪತ್ರಲೇಖನದಲ್ಲಿ ತಮ್ಮ ಕಾಲದ ಶ್ರೇಷ್ಠರಲ್ಲಿ ಒಬ್ಬರು. ಇರಾನಿನ ಗೀಲಾನ್ ಪ್ರದೇಶದಿಂದ ವರ್ತಕರಾಗಿ ದಖ್ಖನಿಗೆ ಬಂದ ಖ್ವಾಜಾ ಮಹಮೂದ್ ಗವಾನರು ಬಹಮನಿ ರಾಜ್ಯದ ವಜೀರರಾದರು. ಉಸ್ಮಾನೀ ಸುಲ್ತಾನ ಎರಡನೆಯ ಮುಹಮ್ಮದನಿಗೂ ಕವಿ ಜಾಮಿಯವರಿಗೂ ಅವರು ಪತ್ರ ಬರೆದರು. ಆ ಪಾರಸಿ ಪತ್ರಗಳ ಸಂಗ್ರಹವೇ ‘ರಿಯಾಝುಲ್ ಇನ್ಶಾ’. ಪತ್ರ ಬರೆಯುವ ಕಲೆಯ ಕುರಿತು ‘ಮನಾಝಿರುಲ್ ಇನ್ಶಾ’ ಎಂಬ ಗ್ರಂಥವನ್ನೂ ಅವರು ರಚಿಸಿದರು. ಮದ್ರಸಾದ ಗ್ರಂಥಾಲಯದಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದವೆಂದು ಹೇಳಲಾಗುತ್ತದೆ.

ಆ ಕಾಲದಲ್ಲಿ ಪತ್ರಕ್ಕೆ ಚೀಟಿಯಿರಲಿಲ್ಲ, ಮುದ್ರೆಯಿತ್ತು. ಮುದ್ರೆಯಿಲ್ಲದ ಪತ್ರವನ್ನು ರೋಮನ್ನರು ಓದುವುದಿಲ್ಲವೆಂದು ತಿಳಿದಾಗ ಪ್ರವಾದಿ ಮುಹಮ್ಮದ್(ಸ)ರವರು ಬೆಳ್ಳಿಯ ಮುದ್ರೆಯುಂಗುರವನ್ನು ಮಾಡಿಸಿದ ಸಂಗತಿ ಹದೀಸ್‌ಗಳಲ್ಲಿದೆ. ಗವಾನರ ಪ್ರಾಣವನ್ನು ತೆಗೆದದ್ದು ಅವರ ಮುದ್ರೆಯೇ. ಪ್ರಾಂತಾಧಿಪತಿಗಳ ಅಧಿಕಾರವನ್ನು ಮೊಟಕುಗೊಳಿಸಿದ್ದ ಅವರಿಗೆ ದರಬಾರಿನಲ್ಲಿ ವೈರಿಗಳಿದ್ದರು. ಇವರು ಮುದ್ರೆಯ ಪಾಲಕನನ್ನು ವಶಪಡಿಸಿಕೊಂಡು, ಕಾಗದವೊಂದರ ಮೇಲೆ ಮುದ್ರೆ ಒತ್ತಿಸಿಕೊಂಡರು. ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಒಕ್ಕಣೆಯನ್ನು ಆಮೇಲೆ ಅದರಲ್ಲಿ ಬರೆದರು. ಸುಲ್ತಾನ ಮೂರನೆಯ ಮುಹಮ್ಮದ್ ಷಾ ಅದನ್ನು ಮುಂದಿಟ್ಟಾಗ, ಮುದ್ರೆ ತಮ್ಮದಾದರೂ ಪತ್ರ ತಮ್ಮದಲ್ಲವೆಂದು ಎಪ್ಪತ್ತು ದಾಟಿದ್ದ ವಜೀರರು ನುಡಿದರೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ದುಷ್ಟನೊಬ್ಬ ಸುದ್ದಿ ತಂದರೆ ಪರಿಶೀಲಿಸಿರಿ ಎಂಬ ಕುರ್‌ಆನಿನ ಆಜ್ಞೆಯನ್ನು ಸುಲ್ತಾನನು ಆ ದಿನ ನೆನೆಯಲಿಲ್ಲ. 1481ರ ಏಪ್ರಿಲ್‌ನಲ್ಲಿ, ಬೀದರಿನಿಂದ ಬಹುದೂರದ ಕೊಂಡಪಲ್ಲಿಯಲ್ಲಿ ಗವಾನರ ಶಿರಚ್ಛೇದವಾಯಿತು. ಅನಂತರ ಭಂಡಾರವನ್ನು ಶೋಧಿಸಿದವರಿಗೆ ನಿರೀಕ್ಷಿಸಿದ ಸಂಪತ್ತು ಸಿಗಲಿಲ್ಲ. ಮರುವರ್ಷವೇ ಸುಲ್ತಾನನೂ ತೀರಿಕೊಂಡ.

ಮದ್ರಸಾ ಉಳಿಯಿತು, ಆದರೆ ಇಡಿಯಾಗಿ ಅಲ್ಲ. ಮೊಗಲರ ಆಡಳಿತದಲ್ಲಿ, 1696ರ ಸುಮಾರಿಗೆ, ಸಿಡಿಮದ್ದಿನ ಸ್ಫೋಟದಿಂದ ಅದರ ಮುಂಭಾಗದ ಬಹುಪಾಲು ಕುಸಿಯಿತು. ಇಂದು ನಿಂತಿರುವುದು ಒಂದೇ ಮಿನಾರು. ಅದರ ಮೇಲೆ ಬಣ್ಣದ ಹೆಂಚುಗಳ ತುಣುಕುಗಳು ಅಲ್ಲಲ್ಲಿ ಉಳಿದಿವೆ. 1931ರಲ್ಲಿ ಚೀಟಿಯ ಮೇಲೇರಿದ್ದು ಹೀಗೆ ಗಾಯಗೊಂಡ ಕಟ್ಟಡವೇ.

ನಿಜಾಮರ ಅಂಚೆ 1950ರಲ್ಲಿ ಭಾರತದ ಅಂಚೆಯೊಳಗೆ ವಿಲೀನವಾಯಿತು. 1956ರಲ್ಲಿ ಬೀದರ್, ಕಲಬುರಗಿ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆ ಜಿಲ್ಲೆಗಳ ಮನೆಗಳಲ್ಲಿ ಇಂದಿಗೂ ಹಳೆಯ ಟ್ರಂಕುಗಳಿವೆ, ಅವುಗಳಲ್ಲಿ ಪತ್ರದ ಕಟ್ಟುಗಳಿವೆ. ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ: ಮಕ್ಕಳ ಆಲ್ಬಮ್ಮಿಗೆಂದು ಚೀಟಿಯನ್ನು ನೀರಿನಲ್ಲಿ ನೆನೆಸಿ ಕಿತ್ತುಬಿಡಬೇಡಿರಿ. ಅಂಚೆಯ ಠಸ್ಸೆಯು ಅರ್ಧ ಚೀಟಿಯ ಮೇಲೂ ಅರ್ಧ ಲಕೋಟೆಯ ಮೇಲೂ ಬಿದ್ದಿರುತ್ತದೆ. ಯಾವ ಊರಿನಿಂದ, ಯಾವ ದಿನ ಬರೆದದ್ದೆಂಬುದು ಎರಡೂ ಕೂಡಿದ್ದರೆ ಮಾತ್ರ ಓದಲು ಸಿಗುತ್ತದೆ.