1604ನೆಯ ವರ್ಷವೂ ದೇಶಭಾಷೆಗಳೂ

ಕ್ರಿ. ಶ. 1604ನೆಯ ಅಕ್ಟೋಬರಿನಲ್ಲಿ ಆಕಾಶದಲ್ಲಿ ಹೊಸ ನಕ್ಷತ್ರವೊಂದು ಬೆಳಗಿತು. ಪ್ರಾಗ್ ನಗರದಲ್ಲಿದ್ದ ಕೆಪ್ಲರನು ಅದನ್ನು ತಿಂಗಳುಗಟ್ಟಲೆ ನಿರೀಕ್ಷಿಸಿ ಒಂದು ಗ್ರಂಥವನ್ನೇ ಬರೆದನು. ನಮಗಾದರೋ ಆ ವರ್ಷವು ಸ್ಮರಣೀಯವಾಗಿರುವುದು ದೇಶಭಾಷೆಗಳ ಏಳಿಗೆಯಿಂದ.

ಇಂಗ್ಲೆಂಡಿನಲ್ಲಿ ರಾಬರ್ಟ್ ಕಾಡ್ರೆ ಎಂಬ ಉಪಾಧ್ಯಾಯನು ಸುಮಾರು 2500 ಶಬ್ದಗಳ ಕೋಶವೊಂದನ್ನು ಆ ವರ್ಷ ಅಚ್ಚು ಹಾಕಿಸಿದನು. ಇಂಗ್ಲಿಷ್ ಶಬ್ದಗಳಿಗೆ ಇಂಗ್ಲಿಷಿನಲ್ಲಿಯೇ ಅರ್ಥ ಹೇಳಿದ ಮೊದಲ ಕೋಶವದು. ಅಕ್ಷರಕ್ರಮದಲ್ಲಿ ಶಬ್ದ ಹುಡುಕುವ ಬಗೆಯನ್ನೂ ಅವನು ಓದುಗರಿಗೆ ಕಲಿಸಬೇಕಾಯಿತು! ಇಂದು ಲೋಕವ್ಯಾಪಿಯಾದ ನುಡಿಯ ಅಂದಿನ ಸ್ಥಿತಿಯದು. ಗುರು ಅರ್ಜನರು ಸಂಕಲಿಸಿದ ಆದಿಗ್ರಂಥವು ಅಮೃತಸರದಲ್ಲಿ ಪ್ರತಿಷ್ಠಿತವಾದುದೂ ಆಗಲೇ. ಕಬೀರ, ನಾಮದೇವ, ಶೇಖ್ ಫರೀದರ ವಾಣಿಗೂ ಅದರಲ್ಲಿ ಎಡೆ ದೊರೆಯಿತು.

ಕನ್ನಡನಾಡಿನಲ್ಲಿ ಭಟ್ಟಾಕಳಂಕನು ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದುದು ಇದೇ 1604ರಲ್ಲಿ. ಕನ್ನಡದ ವ್ಯಾಕರಣವನ್ನು ಅವನು 592 ಸಂಸ್ಕೃತ ಸೂತ್ರಗಳಲ್ಲಿ ನಿರೂಪಿಸಿದನು. ಸಂಸ್ಕೃತವೇಕೆ ಎಂದು ಮುನಿಯುವವರುಂಟು. ದೇಶಭಾಷೆಗೆ ಶಾಸ್ತ್ರದ ಯೋಗ್ಯತೆಯೆಲ್ಲಿಯದೆಂದು ಕೇಳುವ ಪಂಡಿತರಿಗೆ ಅವರ ಭಾಷೆಯಲ್ಲಿಯೇ ಉತ್ತರವಿತ್ತನೆಂದು ನಾವು ಬಗೆಯುತ್ತೇವೆ. ಕನ್ನಡದಿಂದೇನು ಪ್ರಯೋಜನವೆಂಬ ಪ್ರಶ್ನೆ ಗಡಿಯಾಚೆಯ ನಮ್ಮ ಮನೆಬಾಗಿಲಿಗೂ ಬಂದಿದೆಯಲ್ಲವೆ? ತತ್ತ್ವಾರ್ಥಶಾಸ್ತ್ರಕ್ಕೆ ಕನ್ನಡದಲ್ಲಿ 96,000 ಗ್ರಂಥಪರಿಮಾಣದ ‘ಚೂಡಾಮಣಿ’ ಎಂಬ ವ್ಯಾಖ್ಯಾನವಿರುವುದನ್ನು ಅವನು ಸಾಕ್ಷಿಯಾಗಿ ಮುಂದಿಟ್ಟನು.

ಆ ಚೂಡಾಮಣಿಯ ಓಲೆಗಳು ಇಂದು ದೊರೆಯುವುದಿಲ್ಲ. ಇಂಥ ಕೆಲವು ಉಲ್ಲೇಖಗಳಲ್ಲಿ ಹೆಸರು ಮಾತ್ರ ಉಳಿದಿದೆ.